ಕುರ್ಚಿಯ ಕೆಳಗಿನವಳು

1984ರ ಜೂನ್ ಹನ್ನೊಂದು, ಸೋಮವಾರ, ಯಲಹಂಕದ ಅಂಧ ಮಹಿಳೆಯರ ಕೇಂದ್ರದಿಂದ ಪಟಾಲಮ್ಮನನ್ನು ಹೊರಗೆ ಕಳುಹಿಸಿದರು. ಆಕೆಗೆ ಅರವತ್ತೊಂದು ವರ್ಷ. ಅಲ್ಲಿ ಹದಿಮೂರು ವರ್ಷ ಕೆಲಸ ಮಾಡಿದ್ದಳು. ‘ಒಬ್ಬರೇ ಕೆಲಸ ಮಾಡಲು ಅಸಮರ್ಥರು’ ಎಂದು ಟೈಪು ಮಾಡಿದ್ದ ಕಾಗದವನ್ನು ಓದಿ ಹೇಳಿದರು, ಹೆಬ್ಬೆಟ್ಟು ಒತ್ತಿಸಿಕೊಂಡರು, ಆಕೆಯ ತಮ್ಮ ಮುನಿಆಂಜಿನಪ್ಪನ ಜೊತೆ ಹೆಸರಘಟ್ಟದ ಬಸ್ಸು ಹತ್ತಿಸಿದರು.

ಕೇಂದ್ರದಲ್ಲಿ ಇಪ್ಪತ್ತೆರಡು ಹೆಂಗಸರಿದ್ದರು. ಸಿಡುಬಿನಲ್ಲಿ ಕಣ್ಣು ಹೋದವರು, ಹುಟ್ಟಿನಿಂದಲೇ ಇಲ್ಲದವರು, ಮನೆಯವರು ಹಬ್ಬಕ್ಕೂ ಕರೆಯದವರು. ನಿವೃತ್ತರಾದ ಕೌಸಲ್ಯಾ ಟೀಚರ್ ತಮ್ಮ ತಂದೆಯ ಹೆಂಚಿನ ಮನೆಯಲ್ಲಿ 1971ರಲ್ಲಿ ಅದನ್ನು ಶುರುಮಾಡಿದ್ದರು. ಕಚೇರಿಗಳಿಂದ, ಯಶವಂತಪುರದ ಕಾರ್ಖಾನೆಗಳಿಂದ ಬೆತ್ತ ಹರಿದ ಕುರ್ಚಿಗಳು ಲಾರಿಯಲ್ಲಿ ಬರುತ್ತಿದ್ದವು, ಹೊಸ ಬೆತ್ತ ಹಾಕಿಸಿಕೊಂಡು ಹೋಗುತ್ತಿದ್ದವು. ಆ ದುಡಿಮೆಯಿಂದ ಅರ್ಧ ಊಟ ನಡೆಯುತ್ತಿತ್ತು. ಉಳಿದರ್ಧ ದಾನಿಗಳದು.

ಅಲ್ಲಿ ಒಂದು ಕುರ್ಚಿಗೆ ಇಬ್ಬರು ಕೂರುತ್ತಿದ್ದರು. ಇದು ಯಾರೂ ಕಲಿಸಿದ ಕ್ರಮವಲ್ಲ. ಕುರ್ಚಿಯ ಚೌಕಟ್ಟಿನ ಸುತ್ತ ಸಾಲಾಗಿ ತೂತುಗಳಿರುತ್ತವೆ. ಮೇಲಿನವಳು ಬೆತ್ತದ ಎಳೆಯನ್ನು ಒಂದು ತೂತಿನಿಂದ ಕೆಳಗೆ ಇಳಿಸಿ ‘ತಗೋ’ ಎನ್ನುತ್ತಾಳೆ. ಕೆಳಗಿನವಳು ಅದನ್ನು ಹಿಡಿದು, ಬಿಗಿಯಾಗಿ ಜಗ್ಗಿ, ಪಕ್ಕದ ತೂತಿನಿಂದ ಮೇಲಕ್ಕೆ ದಾಟಿಸಿ ‘ಕೊಟ್ಟೆ’ ಎನ್ನುತ್ತಾಳೆ. ತಗೋ, ಕೊಟ್ಟೆ. ತಗೋ, ಕೊಟ್ಟೆ. ಹನ್ನೊಂದು ಜೋಡಿಗಳ ಈ ಮಾತು ಬೆಳಗಿನಿಂದ ಸಂಜೆಯವರೆಗೆ ಆ ಮನೆಯ ಉಸಿರಾಟದ ಹಾಗೆ ಕೇಳುತ್ತಿತ್ತು. ಹೊಸದಾಗಿ ಬಂದವರು ಕೆಳಗೆ ಕೂತು ಕೆಲಸ ಕಲಿಯುತ್ತಿದ್ದರು. ವಯಸ್ಸಾಗಿ ಬೆರಳು ಮರಗಟ್ಟಿದವರೂ ಕೆಳಕ್ಕೇ ಬರುತ್ತಿದ್ದರು. ಯಾರ ಕೈ ನಿಧಾನ, ಯಾರ ಕೈ ಚುರುಕು ಎಂಬ ಲೆಕ್ಕ ಹುಟ್ಟುವುದಕ್ಕೆ ಜಾಗವೇ ಇರಲಿಲ್ಲ. ಕುರ್ಚಿ ಇಬ್ಬರದು.

ಲಕ್ಕಮ್ಮ ಮೇಲಿನವಳು. ಮೂವತ್ತೆಂಟರ, ಗಟ್ಟಿ ಗಂಟಲಿನ, ಸ್ವಲ್ಪ ಜಂಬದ ಹೆಂಗಸು. ಅವಳ ಕೆಳಗಿನವಳು ಪಟಾಲಮ್ಮ. ಇಬ್ಬರೂ ಸೇರಿ ಎಷ್ಟು ಕುರ್ಚಿ ಹೆಣೆದಿದ್ದರೆಂದು ಇಬ್ಬರಿಗೂ ಗೊತ್ತಿರಲಿಲ್ಲ. ನಮ್ಮ ಬೆತ್ತದ ಮೇಲೆ ಎಂತೆಂಥ ಸಾಹೇಬರು ಕೂತಿದ್ದಾರೋ ಎಂದು ಲಕ್ಕಮ್ಮ ಹೆಮ್ಮೆಪಟ್ಟುಕೊಂಡರೆ, ಅವರ ಭಾರವನ್ನೆಲ್ಲ ಕೆಳಗಿಂದ ಹೊತ್ತವಳು ನಾನು ಎಂದು ಪಟಾಲಮ್ಮ ನಗುತ್ತಿದ್ದಳು.

ಹೊರದೇಶದ ದಾನಿಗಳು 1982ರಲ್ಲಿ ಕೈ ಹಿಂದಕ್ಕೆಳೆದರು. ಆಗ ಬಂದದ್ದು ಒಂದು ಹೊಸ ಪ್ರತಿಷ್ಠಾನ. ಅದರ ಪರವಾಗಿ ಬಂದವರು ಜಯಸಿಂಹ. ಕಾರ್ಖಾನೆಯೊಂದರಲ್ಲಿ ಮ್ಯಾನೇಜರಾಗಿದ್ದು ರಾಜೀನಾಮೆ ಕೊಟ್ಟವರು. ಕೆಟ್ಟ ಮನುಷ್ಯರಲ್ಲ. ಈ ಮಾತನ್ನು ಹೇಳಲೇಬೇಕು, ಯಾಕೆಂದರೆ ಇಂಥ ಕೆಲಸಕ್ಕೆ ಕೆಟ್ಟವರೇ ಬೇಕೆಂದು ನಾವು ತಿಳಿದುಕೊಂಡಿರುತ್ತೇವೆ. ಅವರು ಹೆಂಗಸರ ಜೊತೆ ನೆಲದ ಮೇಲೆ ಕೂತು ಮುದ್ದೆ ಉಂಡರು. ಎಲ್ಲರ ಹೆಸರನ್ನೂ ನೆನಪಿಟ್ಟುಕೊಂಡರು. ನಾವು ಕೊಡುವುದು ದಾನವಲ್ಲ, ಬಂಡವಾಳ ಎಂದರು. ಮೂರು ವರ್ಷ ಕೊಡುತ್ತೇವೆ, ಅಷ್ಟರಲ್ಲಿ ಕೇಂದ್ರ ತನ್ನ ಕಾಲ ಮೇಲೆ ನಿಲ್ಲಬೇಕು, ಆಮೇಲೆ ನೀವು ಯಾರ ಮುಂದೆಯೂ ಕೈಚಾಚುವ ಹಾಗಿಲ್ಲ ಎಂದರು. ಆ ಮಾತು ಕೇಳಿ ಕೌಸಲ್ಯಾ ಟೀಚರ್ ಅತ್ತರು. ಹನ್ನೊಂದು ವರ್ಷ ಅಕ್ಕಿಗಾಗಿ ಮನೆಮನೆಯ ಗೇಟು ತಟ್ಟಿದ್ದವರು ಅವರು.

ಎರಡನೇ ವರ್ಷದ ಕೊನೆಗೆ ಜಯಸಿಂಹ ಒಂದು ಸ್ಟಾಪ್‌ವಾಚ್ ತಂದರು. ಒಂದು ಕುರ್ಚಿಗೆ ಇಬ್ಬರು ಯಾಕೆ ಎನ್ನುವುದು ಅವರ ಪ್ರಶ್ನೆ. ಒಬ್ಬರೇ ಹೆಣೆಯಲಿಕ್ಕೆ ಸಾಧ್ಯವೇ ಇಲ್ಲವೇ ಎಂದು ಕೇಳಿದರು.  ಉತ್ತರ ಕೊಟ್ಟವಳು ಲಕ್ಕಮ್ಮ.

“ಯಾಕಾಗಕಿಲ್ಲ ಸಾರ್? ನಾನೊಬ್ಳೇ ಎಣೀತೀನಿ, ನೋಡಿ ಬೇಕಾದ್ರೆ.”

ಇಷ್ಟೇ ಅವಳು ಮಾಡಿದ ತಪ್ಪು. ಚೆನ್ನಾಗಿ ಹೆಣೆದು ತೋರಿಸಿದರೆ ಇನ್ನಷ್ಟು ಆರ್ಡರು ಬರುತ್ತವೆ, ಟೀಚರಮ್ಮನ ಚಿಂತೆ ತೀರುತ್ತದೆ ಎಂದುಕೊಂಡಿದ್ದಳು. ಪಟಾಲಮ್ಮನಿಗೂ ಅದೇ ಹುರುಪು. ಹೆಣೆದು ತೋರಿಸುವ ಹಿಂದಿನ ದಿನ ಸಂಜೆ ಬೆತ್ತದ ಕಂತೆ ಬಿಚ್ಚಿಕೊಂಡು ಕೂತಳು. ಒಂದೊಂದೇ ಎಳೆಯನ್ನು ಹೆಬ್ಬೆರಳಿಗೂ ತುಟಿಗೂ ಮುಟ್ಟಿಸಿ ದಪ್ಪ ನೋಡಿದಳು. ಬೆರಳ ತುದಿ ಮರಗಟ್ಟಿದ ಮೇಲೆ ಅವಳು ತುಟಿಯನ್ನು ನಂಬುತ್ತಿದ್ದಳು. ಸೀಳು ಬಿಟ್ಟದ್ದನ್ನು ಎಸೆದು, ಒಂದೇ ಸಮ ಇದ್ದ ಎಳೆಗಳನ್ನು ಜೋಡಿಸಿ, ಬೆಳಗಾಗುವಾಗ ನೀರಿಗೆ ಹಾಕಿ, ಹದ ನೋಡಿ ತೆಗೆದು, ಒದ್ದೆ ಗೋಣಿಯಲ್ಲಿ ಸುತ್ತಿ ಲಕ್ಕಮ್ಮನ ಬಲಗೈ ಪಕ್ಕದಲ್ಲಿಟ್ಟಳು. ಲಕ್ಕಮ್ಮ ಕುರ್ಚಿಯ ಮುಂದೆ ಕೂತ ಮೇಲೆ ಜಯಸಿಂಹ ವಾಚು ಒತ್ತಿದರು.

ಏಳು ಗಂಟೆಯಲ್ಲಿ ಕುರ್ಚಿ ಮುಗಿಯಿತು. ಒಂದು ಎಳೆಯೂ ತುಂಡಾಗಲಿಲ್ಲ. ಎಲ್ಲರೂ ಚಪ್ಪಾಳೆ ತಟ್ಟಿದರು. ಎಲ್ಲರಿಗಿಂತ ಜೋರಾಗಿ ತಟ್ಟಿದವಳು ಪಟಾಲಮ್ಮ.

ಮುಂದಿನ ತಿಂಗಳಿಂದ ಒಬ್ಬರಿಗೆ ಒಂದು ಕುರ್ಚಿ ಎಂದಾಯಿತು. ಲಕ್ಕಮ್ಮನ ಏಳು ಗಂಟೆಯೇ ಅಳತೆ. ಹೊಸಬರಿಗೆ ಎಂಟು, ಒಂಬತ್ತು ಗಂಟೆಯವರೆಗೂ ಬಿಟ್ಟರು. ಅದು ಜಯಸಿಂಹರ ಉದಾರತೆ. ‘ತಗೋ, ಕೊಟ್ಟೆ’ ನಿಂತುಹೋಯಿತು. ಮೇಲೊಂದು ಕೈ ಕೆಳಗೊಂದು ಕೈ ಇಟ್ಟುಕೊಂಡು, ಕುರ್ಚಿಯನ್ನು ತಬ್ಬಿಕೊಂಡ ಹಾಗೆ ಕೂತ ಹೆಂಗಸರು ಮಾತಿಲ್ಲದೆ ಹೆಣೆಯತೊಡಗಿದರು. ಆ ಮೌನದಲ್ಲಿ ಯಲಹಂಕದ ವಾಯುನೆಲೆಯ ವಿಮಾನಗಳ ಸದ್ದು ಮೊದಲಿಗಿಂತ ಹತ್ತಿರ ಕೇಳುತ್ತಿತ್ತು. ಲಕ್ಕಮ್ಮನಿಗೇ ಆಮೇಲೆ ಏಳು ಗಂಟೆಯಲ್ಲಿ ಕುರ್ಚಿ ಮುಗಿಯಲಿಲ್ಲ. ಎಳೆ ಆರಿಸಬೇಕು, ನೆನೆಹಾಕಬೇಕು, ತುಂಡಾದರೆ ಬಿಚ್ಚಬೇಕು. ಪಟಾಲಮ್ಮನಿಗೆ ಬೇರೆ ಕುರ್ಚಿ ಕೊಟ್ಟಿದ್ದರು. ಮೂರು ದಿನವಾದರೂ ಅವಳದು ಅರ್ಧವಾಗಿರುತ್ತಿರಲಿಲ್ಲ.

ಹೊರಗೆ ಕಳುಹಿಸುವ ಪಟ್ಟಿಯಲ್ಲಿ ಪಟಾಲಮ್ಮನ ಹೆಸರೊಂದೇ ಇದೆ ಎಂದು ಗೊತ್ತಾದ ದಿನ ಲಕ್ಕಮ್ಮ ಗೋಡೆ ಹಿಡಿದುಕೊಂಡು ಆಫೀಸಿನ ರೂಮಿಗೆ ಹೋದಳು. ಅವತ್ತಿನ ಏಳು ಗಂಟೆ ನನ್ನೊಬ್ಬಳದಲ್ಲ, ಹಿಂದಿನ ಸಂಜೆಯೆಲ್ಲ ಆರಿಸಿ ಕೊಟ್ಟವಳು ಅಕ್ಕಯ್ಯ, ನೀವು ವಾಚು ಒತ್ತಿದ್ದು ಆಮೇಲೆ ಎಂದು ಬಿಡಿಸಿ ಹೇಳಿದಳು. ಜಯಸಿಂಹ ತಾಳ್ಮೆಯಿಂದ ಕೇಳಿಸಿಕೊಂಡರು. ಹಾಗಿದ್ದರೆ ಆರಿಸಿದ ಬೆತ್ತವನ್ನೇ ಅಂಗಡಿಯಿಂದ ತರಿಸೋಣ, ನಿಮಗೆ ಆ ಕಷ್ಟವೇ ಬೇಡ ಎಂದರು.  ಆರಿಸಿದ ಬೆತ್ತ ಕೊನೆಗೂ ಬರಲಿಲ್ಲ. ತುಂಬಾ ದುಬಾರಿಯಂತೆ.

ಹೋಗುವ ದಿನ ಪಟಾಲಮ್ಮ ಗಂಟು ಕಟ್ಟಿಕೊಂಡು ಜಗಲಿಯ ಮೇಲೆ ಕೂತಿದ್ದಳು. ಲಕ್ಕಮ್ಮ ಅವಳ ಪಕ್ಕ ಕೂತಳು. 

“ನಾನೇ ಮಾಡ್ದೆ ಅಕ್ಕಯ್ಯ,” ಎಂದಳು ಲಕ್ಕಮ್ಮ.

“ಏನ್ ಮಾಡ್ದೆ? ಚೆಂದಾಗಿ ಎಣ್ದೆ. ಅದೂ ತಪ್ಪಾ?” ಪಟಾಲಮ್ಮ ಅವಳ ಮಂಡಿಯ ಮೇಲೆ ಕೈ ಇಟ್ಟಳು. “ನಾನಿಲ್ಲಾಂತ ಸಡ್ಲ ಬಿಡ್ಬೇಡ ಕಣೇ. ಕೆಳಗಿಂದ ಜಗ್ಗು.”

ಆಮೇಲೆ ಮುನಿಆಂಜಿನಪ್ಪ ಬಂದ. ಕರೆದುಕೊಂಡು ಹೋದ.

ಅವನು ಮತ್ತೆ ಬಂದದ್ದು ಗೌರಿ ಹಬ್ಬ ಕಳೆದ ಮೇಲೆ, ಒಬ್ಬನೇ. ಅಕ್ಕ ತೀರಿಕೊಂಡು ಹನ್ನೊಂದು ದಿನವಾಯಿತು ಎಂದ. ಕಾಯಿಲೆ ಅಂತ ಏನೂ ಇರಲಿಲ್ಲವಂತೆ. ಮನೆಯಲ್ಲಿ ಹೊಟ್ಟೆಗೆ ಕಡಿಮೆ ಮಾಡಿರಲಿಲ್ಲವಂತೆ, ನಾಲ್ಕು ಸೀಮೆಹಸು ಕಟ್ಟಿದ್ದಾನಂತೆ, ಹಾಲಿಗೇನು ಬರವಿಲ್ಲವಂತೆ. ಅವನು ಹೇಳುವುದನ್ನೆಲ್ಲ ಹೇಳಿ, ಆಮೇಲೆ ಹೋಗದೆ ನಿಂತುಕೊಂಡ.

“ಹಗ್ಗದ ಮಂಚದ ಕೆಳಗೆ ಓಗಿ ಕೂತ್ಕತಿದ್ಲು,” ಎಂದ. “ಮ್ಯಾಲೆ ನಾವ್ಯಾರಾದ್ರೂ ಕೂತ್ರೆ ಕೆಳಗಿಂದ ಹಗ್ಗ ಜಗ್ಗೋಳು. ಊಟಕ್ಕೆ ಕರುದ್ರೆ, ಇರಪ್ಪಾ, ಲಕ್ಕಿ ಇನ್ನೊಂದ್ ಸಾಲು ಕೊಡ್ತಾವ್ಳೆ ಅನ್ನೋಳು. ಮಕ್ಳು ನಗೋರು. ನಾನೂ ಒಂದಿನ ನಕ್ಬುಟ್ಟೆ.”

ಅವನು ಹೋದ ಮೇಲೆ ಲಕ್ಕಮ್ಮ ಕುರ್ಚಿಯ ಮುಂದೆ ಕೂತಳು. ಎಳೆಯನ್ನು ತೂತಿಗೆ ಇಳಿಸಿದಳು. ಕೆಳಗೆ ತನ್ನದೇ ಎಡಗೈ ಕಾಯುತ್ತಿತ್ತು. ಅವಳು ಎಳೆಯನ್ನು ಹಿಡಿಯಲಿಲ್ಲ. ಎಳೆ ಜಾರಿ ನೆಲಕ್ಕೆ ಬಿತ್ತು. ಅವತ್ತು ಅವಳು ಒಂದು ಸಾಲನ್ನೂ ಹೆಣೆಯಲಿಲ್ಲ. ಮಾರನೇ ದಿನ ಹೆಣೆದಳು. ಹೊಟ್ಟೆ ಹೊರೆಯಬೇಕಿತ್ತು.

ಇದಾದ ಹತ್ತನೇ ದಿನಕ್ಕೆ ಜಯಸಿಂಹ ಅವಳನ್ನು ಹಿಂದಿನ ಪಡಸಾಲೆಗೆ ಕರೆಸಿದರು. ಕೌಸಲ್ಯಾ ಟೀಚರ್ ಅಲ್ಲಿದ್ದರು. ಅವರ ಉಸಿರಿನಿಂದಲೇ ಲಕ್ಕಮ್ಮನಿಗೆ ಗೊತ್ತಾಯಿತು. ಜಯಸಿಂಹ ಮೊದಲು ಪಟಾಲಮ್ಮನ ಸಾವಿಗೆ ದುಃಖ ಹೇಳಿದರು. ನಿಜವಾದ ದುಃಖವೇ. ಆಮೇಲೆ ವಿಷಯಕ್ಕೆ ಬಂದರು. ಪ್ರತಿಷ್ಠಾನದ ಮೂರನೇ ವರ್ಷ ಮುಗಿಯುತ್ತಿದೆ. ಈಗಿನ ದುಡಿಮೆಯಲ್ಲಿ ಹದಿನೇಳು ಜನ ತಮ್ಮ ಕಾಲ ಮೇಲೆ ನಿಲ್ಲಬಹುದು, ಈಗಿರುವ ಇಪ್ಪತ್ತೊಂದು ಜನರೂ ನಿಲ್ಲಲಾರರು. ನಾಲ್ವರು ಹೋಗಬೇಕು. ಕಳೆದ ಸಲ ವಾಚಿನಿಂದ ಅನ್ಯಾಯವಾಯಿತು ಎಂದು ನೀವೇ ಹೇಳಿದ್ದಿರಿ, ಹಾಗಾಗಿ ಈ ಸಲ ವಾಚು ಬೇಡ. ನಿಮ್ಮದೊಂದನ್ನು ಬಿಟ್ಟು ಇಪ್ಪತ್ತು ಕುರ್ಚಿ ಸಾಲಾಗಿ ಇಡಿಸಿದ್ದೇನೆ. ಯಾವುದರ ಮೇಲೂ ಹೆಸರಿಲ್ಲ. ನೀವು ಕೈಯಾಡಿಸಿ ಯಾವುದು ಸಡಿಲ ಎಂದಷ್ಟೇ ಹೇಳಿ. ಇವತ್ತಿನಿಂದ ನೀವು ಇಲ್ಲಿನ ಇನ್‌ಸ್ಟ್ರಕ್ಟರ್. ನಿಮ್ಮ ಕೈಗಿಂತ ನ್ಯಾಯದ ಅಳತೆ ನಮ್ಮ ಹತ್ತಿರ ಇಲ್ಲ.

“ಯಾರದು ಅಂತ ನಿಮಗೂ ಗೊತ್ತಾಗಲ್ಲಮ್ಮ,” ಎಂದರು ಮೃದುವಾಗಿ. “ನಿಮ್ಮ ಮನಸ್ಸಿಗೆ ಏನೂ ಅಂಟಲ್ಲ.”

ಕಣ್ಣಿರುವ ಮನುಷ್ಯ ಹೀಗೆ ತಿಳಿದುಕೊಂಡದ್ದು ಸಹಜ. ಕುರ್ಚಿಯ ಕೆಳಗೆ ಎಳೆ ಮುಗಿಯುವ ಕಡೆ ಒಂದು ಗಂಟು ಹಾಕುತ್ತಾರೆ. ಪಾರವ್ವನ ಗಂಟು ಎಡಕ್ಕೆ ಹೊರಳಿರುತ್ತದೆ. ನಾಗಮಣಿ ಎರಡು ಸುತ್ತು ಹೆಚ್ಚಿಗೆ ಸುತ್ತುತ್ತಾಳೆ, ಬಿಚ್ಚಿಹೋದೀತೆಂಬ ಹೆದರಿಕೆ ಅವಳಿಗೆ. ಆ ಇಪ್ಪತ್ತು ಗಂಟುಗಳಲ್ಲಿ ಲಕ್ಕಮ್ಮನಿಗೆ ಗೊತ್ತಿಲ್ಲದ ಗಂಟು ಒಂದೂ ಇರಲಿಲ್ಲ. ಮಾತು ಕೇಳಿ ಆಳು ಗುರುತಿಸುವ ಹಾಗೆ ಅವಳು ಗಂಟು ಮುಟ್ಟಿ ಗುರುತಿಸುತ್ತಿದ್ದಳು.

ಜಯಸಿಂಹ ಅವಳ ಮಣಿಕಟ್ಟು ಹಿಡಿದು ಮೊದಲನೇ ಕುರ್ಚಿಯ ಹತ್ತಿರ ಕರೆತಂದರು. ಲಕ್ಕಮ್ಮ ಕೈ ಬಿಡಿಸಿಕೊಂಡಳು.

“ನಾನು ಮುಟ್ಟಾಕಿಲ್ಲ ಸಾರ್.”

ನೀವು ಮಾಡದಿದ್ದರೆ ನಾನೇ ವಾಚು ಇಟ್ಟು ಮಾಡಬೇಕಾಗುತ್ತದೆ, ಅದು ಇದಕ್ಕಿಂತ ಕಠಿಣ ಎಂದರು ಜಯಸಿಂಹ. ಪ್ರತಿಷ್ಠಾನದವರು ಶುಕ್ರವಾರ ಬರುತ್ತಾರೆ, ಅಷ್ಟರಲ್ಲಿ ಪಟ್ಟಿ ಆಗದಿದ್ದರೆ ಕೇಂದ್ರವೇ ಮುಚ್ಚಬಹುದು ಎಂದೂ ಹೇಳಿದರು. ಆಗ ಕೌಸಲ್ಯಾ ಟೀಚರ್ ಬಾಯಿ ಬಿಟ್ಟರು. ಅವರ ದನಿ ಯಾರದೋ ದನಿಯಂತಿತ್ತು.

“ಲಕ್ಕಮ್ಮ, ನನ್ನ ಮುಖ ನೋಡಿ ಮಾಡಮ್ಮ. ನಾಲ್ಕು ಜನಕ್ಕೋಸ್ಕರ ಎಲ್ಲರನ್ನೂ ಬೀದಿಗೆ ತರ್ತೀಯಾ?”

“ನಿಮ್ ಮೊಕ ನಾನ್ಯಾವತ್ತು ನೋಡಿವ್ನಿ ಟೀಚರಮ್ಮ?” ಎಂದಳು ಲಕ್ಕಮ್ಮ. ಅದು ಕೊಂಕಲ್ಲ. ಅವಳು ಅಳುತ್ತಿದ್ದಳು. “ನಿಮ್ ಕೈ ನಂಗೊತ್ತು. ಆ ಕೈಲಿ ನಮ್ಮನ್ನ ಒಬ್ಬೊಬ್ರನ್ನೇ ಈಚೆಗೆ ತಳ್ಬೇಡಿ. ತಳ್ಳೋದಾದ್ರೆ ಎಲ್ಲಾರ್ನೂ ಒಟ್ಗೆ ತಳ್ಳಿ.”

 ಜಯಸಿಂಹ ಒಂದು ಕುರ್ಚಿಯನ್ನು ಎತ್ತಿ ಅವಳ ಮುಂದೆ, ಮಂಡಿಗೆ ತಾಗುವಷ್ಟು ಹತ್ತಿರ ಇಟ್ಟರು.

“ಇದೊಂದು ನೋಡಿ ಹೇಳಿ. ಬಿಗಿಯೋ, ಸಡಿಲವೋ. ಕೈ ಇಡಿ ಲಕ್ಕಮ್ಮ.”

ಲಕ್ಕಮ್ಮ ಎರಡೂ ಕೈಗಳನ್ನು ಸೆರಗಿನೊಳಗೆ ಸುತ್ತಿಕೊಂಡಳು.

“ಇಡಾಕಿಲ್ಲ,” ಎಂದಳು.