ಅಗೆದವರ ಜಾಗ

ವರ್ನೀಟಾ ಮೆಟ್ಟಿಲಿಳಿದು ಬೀದಿಗೆ ಬರುವಷ್ಟರಲ್ಲಿ ಡಯಾಲಿಸಿಸ್ ವ್ಯಾನು ಮೂಲೆ ತಿರುಗುತ್ತಿತ್ತು. ಅವಳ ಒಂದು ಕಾಲಿನಲ್ಲಿ ಬೂಟು, ಇನ್ನೊಂದರಲ್ಲಿ ಮನೆಯೊಳಗಿನ ಚಪ್ಪಲಿ. "ಏಯ್, ನಿಲ್ಸೋ! ಬಂದ್ವಿ, ನಿಲ್ಸೋ!" ಎಂದು ಕೂಗಿದಳು. ಡ್ರೈವರ್ ಕಿಟಕಿಯಿಂದ ಕೈ ಹೊರಗೆ ಹಾಕಿ ಅವಳ ಮನೆಯ ಮುಂದಿನ ಜಾಗ ತೋರಿಸಿದ. ನಾನೇನು ಮಾಡಲಿ ಎನ್ನುವ ಹಾಗೆ ಆ ಕೈಯನ್ನೇ ಅಲ್ಲಾಡಿಸಿ ಹೊರಟುಹೋದ.

ಆ ಜಾಗದಲ್ಲಿ ಬೂದು ಬಣ್ಣದ ದೊಡ್ಡ ಕಾರೊಂದು ನಿಂತಿತ್ತು.

ಅದು ವರ್ನೀಟಾ ಅಗೆದ ಜಾಗ. ಶುಕ್ರವಾರ ಬಿದ್ದ ಹಿಮವನ್ನು ತಳ್ಳಲು ನಗರಸಭೆಯ ಲಾರಿ ಈ ಬೀದಿಗೆ ಬಂದೇ ಇರಲಿಲ್ಲ. ಮೂಲೆಯಿಂದ ತನ್ನ ಮನೆಯವರೆಗಾದರೂ ವ್ಯಾನು ಬರಲಿ, ಗಂಡನ ಗಾಲಿಕುರ್ಚಿ ಹತ್ತಿಸುವ ಹಲಗೆಯನ್ನು ಇಳಿಸುವಷ್ಟು ನೆಲ ಸಿಗಲಿ ಎಂದು ಶನಿವಾರ ಸಂಜೆಯಿಂದ ಭಾನುವಾರ ಪೂರ್ತಿ ಸಲಿಕೆ ಹಿಡಿದಿದ್ದಳು. ಶಾಲೆಯ ಅಡುಗೆಮನೆಯಲ್ಲಿ ಹಂಡೆಗಟ್ಟಲೆ ಸೂಪು ತಿರುವಿ ಗಟ್ಟಿಯಾದ ತೋಳುಗಳು. ಆದರೂ ರಾತ್ರಿ ಬಾಚಣಿಗೆ ಎತ್ತಲು ಆಗಿರಲಿಲ್ಲ. ಅಗೆದ ಮೇಲೆ ಅಲ್ಲಿ ಎರಡು ಹಳೇ ಕುರ್ಚಿಯಿಟ್ಟು, ಅವುಗಳ ಮೇಲೆ ಇಸ್ತ್ರಿ ಹಲಗೆಯನ್ನು ಅಡ್ಡ ಮಲಗಿಸಿದ್ದಳು. ಷಿಕಾಗೊದಲ್ಲಿ ಇದಕ್ಕೆ ಕಾನೂನೇನೂ ಇಲ್ಲ. ಆದರೆ ಅಗೆದವರದೇ ಜಾಗ ಎನ್ನುವ ಮಾತು ಕಾನೂನಿಗಿಂತ ಗಟ್ಟಿ. ಕಾರು ಕದಿಯುವ ಕಳ್ಳ ಕೂಡ ಆ ಕುರ್ಚಿ ಮುಟ್ಟುವುದಿಲ್ಲ. ಈಗ ಯಾರೋ ಮಹಾನುಭಾವ ಅವನ್ನೆಲ್ಲ ಎತ್ತಿ ಹಿಮದ ಗುಡ್ಡೆಯ ಮೇಲೆ ಎಸೆದಿದ್ದ.

"ಹೋಯ್ತಾ?" ಕಿಟಕಿಯ ಸಂದಿಯಿಂದ ಗಂಡ ಕ್ಲೀವನ್ ಕೇಳಿದ.

"ಹೋಯ್ತು."

"ಹೋಗ್ಲಿ ಬಿಡು... ಗುರುವಾರ ಹೋದ್ರಾಯ್ತು."

ಅಷ್ಟು ಹೇಳುವುದಕ್ಕೇ ಅವನು ನಡುವೆ ನಿಂತು ಉಸಿರೆಳೆದುಕೊಂಡ. ಶನಿವಾರದ ಸರದಿ ಹಿಮದಲ್ಲಿ ಹೋಗಿತ್ತು, ಇವತ್ತು ಮಂಗಳವಾರ. ಅವನ ಪಾದಗಳು ಊದಿ, ಬೆಳಿಗ್ಗೆ ಕಾಲುಚೀಲವೂ ಹತ್ತಿರಲಿಲ್ಲ. ಗುರುವಾರದವರೆಗೆ ಅವನು ಇರುತ್ತಾನೋ ಇಲ್ಲವೋ ಎಂಬುದು ಇಬ್ಬರಿಗೂ ಗೊತ್ತಿರಲಿಲ್ಲ. ಅಂಥದರಲ್ಲಿ ಈ ಮನುಷ್ಯ ಹೋಗಲಿ ಬಿಡು ಅನ್ನುತ್ತಾನೆ! ಅವಳ ಮೈಯೆಲ್ಲ ಉರಿದುಹೋಯಿತು.

ಅವಳು ಒಳಗೆ ಹೋಗಿ ಬಕೆಟ್ ತುಂಬಿಸಿಕೊಂಡು ಬಂದಳು. ಕಾರಿನ ಬಾಗಿಲುಗಳಿಗೆ, ಹಿಡಿಕೆಗಳಿಗೆ, ಗಾಜಿಗೆ ಸುರಿದಳು. ಮತ್ತೆ ಒಳಗೆ ಹೋದಳು, ಮತ್ತೆ ತಂದಳು. ಅಗೆದವರ ಜಾಗ ಕದ್ದವನ ಕಾರಿಗೆ ಹೀಗೆ ನೀರು ಸುರಿಯುವುದೂ ಊರಿನ ಪದ್ಧತಿಯೇ. ಉಪ್ಪು ತಿಂದವನು ನೀರು ಕುಡಿಯಲೇಬೇಕು. ಆ ಚಳಿಗೆ ನೀರು ಇಳಿದಲ್ಲೇ ಕಲ್ಲಾಯಿತು.

ಕೊನೆಯ ಬಕೆಟ್ ಕೈಯಲ್ಲಿರುವಾಗಲೇ ಪಕ್ಕದ ಮನೆಯ ಬಾಗಿಲು ತೆರೆಯಿತು. ಬೀದಿಯ ಸಂಘದ ಅಧ್ಯಕ್ಷ ಪರ್ನೆಲ್ ಹೊರಗೆ ಬಂದ. ಯಾರ ಮನಸ್ಸನ್ನೂ ನೋಯಿಸದ ಮುದುಕ. ಅವನ ಕೈಯಲ್ಲಿ ದಪ್ಪ ಪ್ಲಾಸ್ಟಿಕ್ಕಿನ ಹೊಳೆಯುವ ಫಲಕ. ಹಿಂದೆಯೇ ಉಣ್ಣೆಯ ಉದ್ದ ಕೋಟು ತೊಟ್ಟ ಯುವಕ, ಕೈಯಲ್ಲಿ ಪರ್ನೆಲ್ ಕೊಟ್ಟ ಕಾಫಿಯ ಲೋಟ. ಅವನು ಕೌನ್ಸಿಲರ್ ಆಫೀಸಿನ ಕೋರಿ. ತಮ್ಮ ಬೀದಿಯ ಹಿಮವನ್ನು ತಾವೇ ತೆಗೆದುಕೊಂಡ ಜನರಿಗೆ 'ಮಾದರಿ ನೆರೆಹೊರೆ' ಎಂಬ ಬಿರುದಿನ ಆ ಫಲಕ ಕೊಟ್ಟು, ಫೋಟೊ ತೆಗೆದುಕೊಂಡು ಹೋಗಲು ಬಂದಿದ್ದ. ಹೊಟ್ಟೆಗೆ ಹಿಟ್ಟಿಲ್ಲದಿದ್ದರೂ ಜುಟ್ಟಿಗೆ ಮಲ್ಲಿಗೆ ಹೂವು.

"ಅಯ್ಯೋ! ನನ್ನ ಕಾರಿಗೇನಾಯ್ತು?" ಕೋರಿ ಕೂಗಿದ.

"ಸ್ನಾನ ಆಯ್ತು," ಎಂದಳು ವರ್ನೀಟಾ.

"ಮೇಡಂ, ಇದು ಸಾರ್ವಜನಿಕ ರಸ್ತೆ."

"ರಸ್ತೆನಾ? ಎಲ್ಲಿ, ತೋರ್ಸು. ಶುಕ್ರವಾರದಿಂದ ನಾವೂ ಹುಡುಕ್ತಾ ಇದೀವಿ."

ಎದುರು ಮನೆಯ ವರಾಂಡದಲ್ಲಿ ಯಾರೋ ಕಿಸಕ್ಕೆಂದು ನಕ್ಕರು. ಕೋರಿಯ ಕಿವಿ ಕೆಂಪಾಯಿತು. "ತೊಂದರೆ ಇದ್ರೆ ನಮ್ಮ ಆಫೀಸಿಗೆ ಫೋನ್ ಮಾಡಬೇಕಿತ್ತಲ್ವಾ?"

"ಮಾಡ್ದೆ ಕಣಪ್ಪ. ದಿನಾ ಮಾಡ್ದೆ. ನಿಮ್ಮ ಫೋನಲ್ಲಿ ಯಾರೋ ಪಿಯಾನೊ ಬಾರಿಸ್ತಾರೆ. ಕೇಳಿ ಕೇಳಿ ಈಗ ನಂಗೂ ಬಾರ್ಸಕ್ಕೆ ಬರುತ್ತೆ."

ಕೋರಿ ಬಾಗಿಲಿನ ಹಿಡಿಕೆ ಎಳೆದ, ಒದ್ದ, ಜಾರಿ ಬೀಳುವುದರಲ್ಲಿದ್ದ. ಆಮೇಲೆ ಬೆನ್ನು ತಿರುಗಿಸಿ ಫೋನ್ ಕಿವಿಗಿಟ್ಟ. "ಹಾಂ, ನಾನೇ. ಕಾರು ಸಿಕ್ಕಿಹಾಕ್ಕೊಂಡಿದೆ. ಇಲ್ಲಿ ರಸ್ತೆನೇ ಇಲ್ಲ. ಬೇಗ ಕಳ್ಸು." ಅಷ್ಟೇ. ಅವನ ಲೋಟದ ಕಾಫಿ ಆರುವ ಮೊದಲೇ ಹಿಮ ತಳ್ಳುವ ಲಾರಿ ಗುಡುಗುತ್ತಾ ಮೂಲೆಯಲ್ಲಿ ಕಾಣಿಸಿತು. ಅದರ ಹಿಂದೆ ಉಪ್ಪು ಚೆಲ್ಲುವ ಇನ್ನೊಂದು ಲಾರಿ.

ಜನ ಬಾಗಿಲಿಗೆ ಬಂದರು. ಒಬ್ಬರು ಚಪ್ಪಾಳೆ ತಟ್ಟಿದರು. ವರ್ನೀಟಾ ಆ ಕಡೆ ತಿರುಗಿ ನೋಡಿದ್ದೇ ಚಪ್ಪಾಳೆ ನಿಂತಿತು. ಊರಿಗೆ ಲಾರಿ ಸಾಲದು, ಇರುವ ನಾಲ್ಕು ಲಾರಿ ಎಲ್ಲಿಗೆಂದು ಹೋದಾವು ಎಂದು ಅವಳು ಇಷ್ಟು ದಿನ ತನಗೆ ತಾನೇ ಸಮಾಧಾನ ಹೇಳಿಕೊಂಡಿದ್ದಳು. ಇಲ್ಲದ್ದನ್ನು ಎಲ್ಲಿಂದ ಕೊಡುತ್ತಾರೆ ಎಂದು ಕ್ಷಮಿಸಿಯೂ ಇದ್ದಳು. ಲಾರಿ ಇತ್ತು. ಕರೆದರೆ ಬರುವಷ್ಟು ಹತ್ತಿರದಲ್ಲೇ ಇತ್ತು. ಕರೆಯುವ ಗಂಟಲು ಮಾತ್ರ ಅವಳದಾಗಿರಬಾರದು, ಅಷ್ಟೇ. ಅವಳಿಗೆ ಅಳು ಬಂತು, ಅಳು ಬಂತಲ್ಲ ಎಂದು ಇನ್ನಷ್ಟು ಸಿಟ್ಟು ಬಂತು.

ವ್ಯಾನಿನ ಆಫೀಸಿಗೆ ಫೋನ್ ಮಾಡಿದಳು. ಇವತ್ತು ಆಗುವುದಿಲ್ಲ, ಗುರುವಾರ ಎಂದರು. ಡಯಾಲಿಸಿಸ್ ಕೇಂದ್ರದ ನರ್ಸು ಮಾತ್ರ, ಮಧ್ಯಾಹ್ನದೊಳಗೆ ಹೇಗಾದರೂ ತಂದುಬಿಡಿ, ಜಾಗ ಹಿಡಿದಿಡುತ್ತೇನೆ ಎಂದಳು.

ವರ್ನೀಟಾ ಫೋನನ್ನು ಜೇಬಿಗೆ ಹಾಕಿ ಕಾರಿನ ಮುಂದೆ ಹೋಗಿ ನಿಂತಳು. "ನನ್ನ ಗಂಡನ್ನ ನೀನು ಕರ್ಕೊಂಡು ಹೋಗ್ತೀಯ."

"ಇಲ್ಲ ಮೇಡಂ, ಇದು ಆಫೀಸಿನ ಕಾರು. ಇನ್ಶೂರೆನ್ಸ್ ಇರಲ್ಲ. ದಾರೀಲಿ ಏನಾದ್ರೂ ಆದ್ರೆ..."

"ಇಲ್ಲೇ ಆದ್ರೆ?"

ಕೋರಿ ಪರ್ನೆಲ್ ಕಡೆ ತಿರುಗಿ ನಗಲು ನೋಡಿದ. "ಸಾರ್, ಐಸ್ ಕೆರೆಯೋದು ಏನಾದ್ರೂ ಇದ್ರೆ ಕೊಡ್ತೀರಾ?"

ಪರ್ನೆಲ್ ಕೈಯಲ್ಲಿದ್ದ ಫಲಕ ನೋಡಿದ. ಕಿಟಕಿಯ ಹಿಂದೆ ಬಾಯಿ ತೆರೆದು ಉಸಿರಾಡುತ್ತಿದ್ದ ಕ್ಲೀವನ್‌ನನ್ನು ನೋಡಿದ. "ಇದೊಂದಿದೆಯಪ್ಪ," ಎಂದು ಫಲಕವನ್ನು ತಿರುಗಿಸಿ ಹಿಡಿದು, ಅದರ ಅಂಚಿನಿಂದ ಕರಕರನೆ ಕೆರೆಯತೊಡಗಿದ. ಡ್ರೈವರ್ ಬಾಗಿಲನ್ನಲ್ಲ. ಅದರಾಚೆಯದನ್ನು, ಕ್ಲೀವನ್ ಕೂರಬೇಕಾದ ಕಡೆಯದನ್ನು. "ಮಾದರಿ ನೆರೆಹೊರೆ ಅಂತ ನೀನೇ ಬರ್ಕೊಂಡು ಬಂದಿದೀಯಲ್ಲ. ಈಗ ಸುಮ್ನೆ ಅವಳು ಹೇಳಿದ್ದು ಕೇಳು."

ಎದುರು ಮನೆಯವರು ಇಳಿದು ಬಂದು ಉಳಿದ ಬಾಗಿಲು, ಗಾಜುಗಳ ಐಸ್ ಕೆರೆದರು. ಲಾರಿಯ ಡ್ರೈವರ್ ಕೂಡ ಇಳಿದ. ಕ್ಲೀವನ್‌ನನ್ನು ಗಾಲಿಕುರ್ಚಿಯ ಸಮೇತ ಮೆಟ್ಟಿಲಿಳಿಸಿ ಮುಂದಿನ ಸೀಟಿನಲ್ಲಿ ಕೂರಿಸಿದರು. ಕುರ್ಚಿಯನ್ನು ಮಡಚಿ ಡಿಕ್ಕಿಗೆ ಹಾಕಿದರು. ವರ್ನೀಟಾ ಬೂಟು ಚಪ್ಪಲಿಯ ಕಾಲುಗಳಲ್ಲೇ ಹಿಂದೆ ಹತ್ತಿದಳು. ಕೋರಿ ತುಟಿ ಬಿಗಿದುಕೊಂಡು ಸ್ಟಾರ್ಟ್ ಮಾಡಿದ.

"ಸೀಟು ಬಿಸಿಯಾಗ್ತಿದೆ ಕಣೇ," ಕ್ಲೀವನ್ ಖುಷಿಯಿಂದ ಹೇಳಿದ. ಆಮೇಲೆ ಕೋರಿಗೆ, "ಥ್ಯಾಂಕ್ಸಪ್ಪ... ತೊಂದ್ರೆ ಕೊಟ್ವಿ ನಿಂಗೆ."

"ನೀನು ಬಾಯಿ ಮುಚ್ಕೊಂಡು ಕೂತ್ಕೊ," ಹಿಂದಿನಿಂದ ವರ್ನೀಟಾ ಗದರಿದಳು.

ರೈಲ್ವೆ ಸೇತುವೆಯ ಕೆಳಗೆ ಹಾದು ಕಾರು ಆಚೆಗೆ ಬಂತು. ಅಲ್ಲಿಂದ ರಸ್ತೆ ಕಪ್ಪಗೆ, ಈ ಅಂಚಿನಿಂದ ಆ ಅಂಚಿನವರೆಗೆ ಒಣಗಿಕೊಂಡು ಬಿದ್ದಿತ್ತು. ಫುಟ್‌ಪಾತಿನಲ್ಲಿ ಒಬ್ಬಳು ತೆಳ್ಳನೆಯ ಶೂ ಹಾಕಿಕೊಂಡು ನಾಯಿಯನ್ನು ಓಡಾಡಿಸುತ್ತಿದ್ದಳು. ವರ್ನೀಟಾ ನೋಡುತ್ತಲೇ ಇದ್ದಳು. ಒಂದು ಬೀದಿ, ಇನ್ನೊಂದು, ಮತ್ತೊಂದು, ಎಲ್ಲವೂ ಹಾಗೇ.

ಕ್ಲೀವನ್ ಕಿಟಕಿಗೆ ಹಣೆ ಆನಿಸಿದ. "ವರ್ನೀ... ಈ ಕಡೆ ಹಿಮ ಬೀಳ್ಲೇ ಇಲ್ವಾ?"

ಕೋರಿ ರೇಡಿಯೊ ಆಫ್ ಮಾಡಿದ. ಕಾರು ಎಲ್ಲೂ ಒಮ್ಮೆಯೂ ಜಾರದೆ ಮುಂದೆ ಹೋಯಿತು.