ಒಣ ನಳದ ಪೂಜೆ

ಮಲಾಡಿನಲ್ಲಿ ಹೊಸ ಬಿಲ್ಡಿಂಗ್ ಏಳುತ್ತಿದ್ದ ಜಾಗದ ಹಿಂದುಗಡೆ ತಗಡು, ಗೋಣಿತಟ್ಟಿನ ಗುಡಿಸಲುಗಳ ಒಂದು ಸಾಲಿತ್ತು. ಎಲ್ಲವೂ ಕಲಬುರ್ಗಿ ಸೀಮೆಯಿಂದ ಬಂದ ಕೂಲಿಯವರವು. ಸಾಲಿನ ನಡುವೆ ಕಂಟ್ರಾಕ್ಟರು ಒಂದು ನಳ ನಿಲ್ಲಿಸಿದ್ದ. ಸಂಕ್ರಾಂತಿಗೂ ಮೊದಲೇ ನಿಂತ ನಳ. ಅದರಲ್ಲಿ ನೀರು ಮಾತ್ರ ಬಂದಿರಲಿಲ್ಲ. ಕುಡಿಯುವ ನೀರಿಗೆ ರೈಲಿನ ಹಳಿ ದಾಟಿ, ಎಮ್ಮೆ ತಬೇಲಾಗಳ ಹಿಂದಿನ ಬಾವಿಗೇ ಹೋಗಬೇಕಾಗಿತ್ತು. ಸಿಮೆಂಟಿಗೆ ಹಾಗಲ್ಲ. ಅದಕ್ಕೆ ದಿನಾ ಬೆಳಿಗ್ಗೆ ಟ್ಯಾಂಕರಿನಲ್ಲಿ ನೀರು ಬರುತ್ತಿತ್ತು.

ಬಸಲಿಂಗವ್ವನ ಮಗಳು ಲಕ್ಷ್ಮವ್ವ ಆ ಗುಡಿಸಲಿನಲ್ಲೇ ಚೊಚ್ಚಲು ಹೆತ್ತಿದ್ದಳು. ಗಂಗೆ ಪೂಜೆ ಆಗುವ ತನಕ ಬಾಣಂತಿ ಕೊಡ ಮುಟ್ಟುವಂತಿಲ್ಲ. ಪೂಜೆಯ ದಿನ ತುಂಬಿದ ಕೊಡವನ್ನು ಅವಳೇ ಹೊತ್ತು ಮನೆಯೊಳಗೆ ತರಬೇಕು. ಎದ್ದು ನಿಂತರೆ ಕಣ್ಣಿಗೆ ಕತ್ತಲೆ ಬರುವ ಹುಡುಗಿ ಆ ಬಾವಿಯಿಂದ ಕೊಡ ಹೊತ್ತು ತರುವುದು ಹೇಗೆ? ನಳಕ್ಕೆ ನೀರು ಬಂದರೆ ನಾಲ್ಕು ಹೆಜ್ಜೆಯ ಮಾತು.

ಸೈಟಿನ ಇಂಜಿನಿಯರ್ ಸಾಹೇಬ ಇಂಗ್ಲಿಷಿನಲ್ಲೇ ಮಾತಾಡುವವನು. ಅವನ ಮಾತನ್ನು ಹೆಂಗಸರಿಗೆ ಕನ್ನಡ ಮಾಡಿ ಹೇಳುವವಳು ಆಫೀಸಿನ ಟೈಪಿಸ್ಟ್ ವಾರಿಜಾ, ಉಡುಪಿ ಕಡೆಯ ಹುಡುಗಿ. ಕೂಲಿಯವರ ಪೈಕಿ ಧರ್ಮಣ್ಣನ ಗುಂಪು ನೀರಿನ ಅನುಕೂಲ ನೋಡಿ ಘಾಟ್ಕೋಪರಿನ ಕೆಲಸಕ್ಕೆ ಹೊರಟಾಗ ಬಸಲಿಂಗವ್ವನೂ ಗಂಟು ಕಟ್ಟಿದ್ದಳು. ಆಗ ವಾರಿಜಾ ಬಂದು, "ಶನಿವಾರ ನೀರು ಬರ್ತದೆ ಅಮ್ಮ, ಸಾಹೇಬರು ಹೇಳಿದ್ದಾರೆ" ಅಂದಳು. ಮಾತು ಕೊಟ್ಟ ಮೇಲೆ ಇನ್ನೇನು? ಬಸಲಿಂಗವ್ವ ಗಂಟು ಬಿಚ್ಚಿದಳು.

ಶನಿವಾರ ನಳದ ಸುತ್ತ ಸಗಣಿ ಸಾರಿಸಿ, ಬುಡದಲ್ಲಿ ಐದು ಕಲ್ಲಿಟ್ಟು ಅರಿಶಿನ ಕುಂಕುಮ ಹಚ್ಚಿದರು. ಹಸಿರು ಸೀರೆಯುಟ್ಟ ಲಕ್ಷ್ಮವ್ವ ಎಲೆಅಡಿಕೆ ಇಟ್ಟು ಕೈಮುಗಿದಳು. ಕಾಯಿ ಒಡೆಯಿತು. ನಳ ತಿರುವಿದರೆ ಸುಂಯ್ ಎಂದು ಗಾಳಿ ಬಂತು, ಗಾಳಿಯ ಹಿಂದೆ ನಾಲ್ಕು ಇರುವೆ ಬಂದವು. ಲಕ್ಷ್ಮವ್ವ ಖಾಲಿ ಕೊಡ ಎತ್ತಲು ಬಾಗಿದಾಗ ನೆರೆಯ ಮಲ್ಲಕ್ಕ ಅವಳ ಕೈ ಹಿಡಿದಳು.

"ಬರೇ ಕೊಡ ಒಳಗ ಒಯ್ಯಬ್ಯಾಡವ್ವ. ಕೂಸಿನ ಮನಿ ಅದು."

ಕೊಡ ಅಲ್ಲೇ ಉಳಿಯಿತು. ಬಸಲಿಂಗವ್ವ ನೆಟ್ಟಗೆ ಆಫೀಸಿಗೆ ಹೋದಳು.

"ಅಕ್ಕಾರ, ನೀರು ಬರ್ತದ ಅಂದಿದ್ರಿ."

ವಾರಿಜಾ ಟೈಪ್ ಮಾಡುವುದನ್ನು ನಿಲ್ಲಿಸಿದಳು. "ಸಾಹೇಬರು 'ಎಕ್ಸ್‌ಪೆಕ್ಟ್' ಅಂತ ಹೇಳಿದ್ದು ಅಮ್ಮ. ಹಾಗಂದ್ರೆ ಬಂದೀತು ಅಂತ ಅವರ ಅಂದಾಜು."

"ಅಂದಾಜಾ? ಸಂಕ್ರಾಂತಿಗೆ ಬರ್ತದ ಅಂದಿದ್ರಲ್ಲಾ, ಆವಾಗ ಸಾಹೇಬ ಏನಂದಿದ್ದ?"

"'ಆಂಟಿಸಿಪೇಟ್' ಅಂದಿದ್ರು. ಅದೂ ಸುಮಾರು ಹಾಗೇ."

"ಶಿವರಾತ್ರಿಗೆ?"

"'ಹೋಪ್'." ವಾರಿಜಾಳ ಧ್ವನಿ ಸಣ್ಣದಾಯಿತು. "ಅಂದ್ರೆ, ಬಂದ್ರೆ ಒಳ್ಳೇದಿತ್ತು ಅಂತ."

"ಮೂರಕ್ಕೂ ನೀ ಬರ್ತದ ಅಂತನ ಹೇಳಿದಿ." ಬಸಲಿಂಗವ್ವ ಅಕ್ಕಾರ ಅನ್ನುವುದನ್ನು ಬಿಟ್ಟಿದ್ದಳು.

"ನಾನು ಎಂತ ಮಾಡುದು? ಜನ ಬಿಟ್ಟು ಹೋಗ್ತಾರೆ, ಗಟ್ಟಿಯಾಗಿ ಹೇಳು ಅಂತ ಸಾಹೇಬರೇ ಹೇಳಿದ್ದು. ನನಗೂ ಊರಲ್ಲಿ ಮನೆ ನಡೆಸ್ಲಿಕ್ಕೆ ಉಂಟಲ್ಲ ಅಮ್ಮ."

"ಅವ ಒಂದೊಂದು ಮಾತಿಗೂ ಒಂದೊಂದು ಹಿತ್ತಲ ಬಾಗಲಾ ಇಟ್ಕೊಂಡಾನ, ಹೊತ್ತಿಗೆ ಪಾರಾಗಾಕ. ಆ ಬಾಗಲಾ ಎಲ್ಲಾ ಮುಚ್ಚಿ ಬಂದು ನಮಗ ಬರೇ ಗ್ವಾಡಿ ತೋರಿಸಿದಿ ತಂಗಿ. ನಾವು ಅದಕ್ಕ ಆತು ನಿಂತಿವಿ. ನನ್ನ ಮಗಳು ಒಣ ಕಬ್ಬಿಣಕ್ಕ ಕೈಮುಗದಳು."



ಸೋಮವಾರ ಸ್ಲ್ಯಾಬ್ ಹಾಕುವ ದಿನ. ಒಮ್ಮೆ ಸುರಿಯಲು ಶುರುವಾದರೆ ಮುಗಿಯುವ ತನಕ ನಿಲ್ಲಿಸುವಂತಿಲ್ಲ, ನಿಂತರೆ ಸ್ಲ್ಯಾಬ್ ಕೆಟ್ಟಂತೆ. ಸುರಿಯುವುದು ಶುರುವಾಗಿ ಮಿಕ್ಸರ್ ತಿರುಗುತ್ತಿತ್ತು. ಟ್ಯಾಂಕರ್ ಬಂದು ನಿಂತು ಪೈಪಿನಿಂದ ಪೀಪಾಯಿಗೆ ನೀರು ಬೀಳುತ್ತಿತ್ತು. ಸಾಹೇಬ ವಾರಿಜಾಳ ಜೊತೆ ಬಂದು, ಸಂಜೆಯೊಳಗೆ ಮುಗಿಸುತ್ತಾರಾ ಕೇಳು ಅಂದ. ಅವಳು ಕೇಳಿದಳು.

ಕಾಂಕ್ರೀಟು ಹೊರುವ ಹೆಂಗಸರ ಸಾಲಿನ ಮೊದಲಲ್ಲಿದ್ದ ಬಸಲಿಂಗವ್ವ ಬುಟ್ಟಿಯನ್ನು ತಲೆಗೇರಿಸಲಿಲ್ಲ. "ತಂಗಿ, ಸಾಹೇಬನ ಆ ಮೂರು ಮಾತಿನ್ಯಾಗ ಎಲ್ಲಕ್ಕೂ ದೊಡ್ಡ ಬಾಗಲಾ ಇದ್ದದ್ದು ಯಾವುದು?"

ವಾರಿಜಾ ಸಾಹೇಬನ ಕಡೆ ನೋಡಿದಳು. ಆಮೇಲೆ ಮೆಲ್ಲಗೆ, "ಹೋಪ್" ಅಂದಳು.

"ಅದನ್ನ ಹೇಳು. ನಾವೂ ಹೋಪ್ ಮಾಡ್ತೀವಂತ ಹೇಳು. ಈ ಸಲ ಇದ್ದದ್ದು ಇದ್ದಂಗ ಹೇಳು."

"ದೇ ಹೋಪ್ ಸೋ, ಸರ್."

ಸಾಹೇಬ ನಕ್ಕ. ಆಮೇಲೆ ಕಂಡಿತು, ಬಸಲಿಂಗವ್ವ ಬುಟ್ಟಿ ಬೋರಲು ಹಾಕಿದ್ದಳು. ಅವಳ ಹಿಂದೆ ಮಲ್ಲಕ್ಕನದು, ಅವಳ ಹಿಂದೆ ಇನ್ನೊಬ್ಬಳದು, ಏಣಿಯ ಬುಡದ ತನಕ ಬುಟ್ಟಿಗಳು ಬೋರಲಾದವು. ಮಿಕ್ಸರಿನಲ್ಲಿ ಮಾಲು ತಿರುಗುತ್ತಲೇ ಇತ್ತು. ಸಾಹೇಬ ಇಂಗ್ಲಿಷಿನಲ್ಲಿ ಏನೇನೋ ಅಂದ. ವಾರಿಜಾ ಅದನ್ನು ಕನ್ನಡ ಮಾಡಲಿಲ್ಲ.

ಬಸಲಿಂಗವ್ವ ಗುಡಿಸಲಿಗೆ ಹೋಗಿ ಮಗಳನ್ನು ಕರೆತಂದಳು. ಮಲ್ಲಕ್ಕ ನಳದ ಬುಡದಿಂದ ಐದು ಕಲ್ಲು ಆರಿಸಿ ತಂದು ಟ್ಯಾಂಕರಿನ ಪೈಪಿನ ಕೆಳಗೆ ಸಾಲಾಗಿ ಇಟ್ಟಳು. ಟ್ಯಾಂಕರಿನ ಡ್ರೈವರು ಸಾಹೇಬನ ಮುಖ ನೋಡಿದ. ಸಾಹೇಬ ಮಿಕ್ಸರಿನ ಕಡೆ ನೋಡುತ್ತಿದ್ದ. ಲಕ್ಷ್ಮವ್ವ ಸೆರಗು ತಲೆಯ ಮೇಲೆಳೆದುಕೊಂಡು ಕುಂಕುಮ ಹಚ್ಚಿ ಕೊಡ ಹಿಡಿದಳು. ನೀರು ಕೊಡದ ತಳಕ್ಕೆ ಬಿದ್ದ ಸದ್ದು ಎಲ್ಲರಿಗೂ ಕೇಳಿಸಿತು.

ಬೇಡ ಅನ್ನುವ ಧೈರ್ಯ ಯಾರಿಗೂ ಆಗಲಿಲ್ಲ. ಅವಳು ತುಂಬಿದ ಕೊಡ ಹೊತ್ತು ಒಳಗೆ ಹೋದ ಮೇಲೆ ಬಸಲಿಂಗವ್ವ ಮನೆಯ ಇನ್ನೊಂದು ಕೊಡ ತಂದು ಪೈಪಿನ ಕೆಳಗಿಟ್ಟಳು. ಅವಳ ಹಿಂದೆ ಮಲ್ಲಕ್ಕ ತನ್ನ ಕೊಡ ಹಿಡಿದು ನಿಂತಿದ್ದಳು.