ಕೀತ್ ಆರ್ಮಿಟೇಜನ ಆರಾಮ

ಸಹೃದಯ ವಾಚಕ ಮಹಾಶಯರೇ, ಗೋಲು ಹೊಡೆಯುವುದನ್ನೇ ಜೀವನೋಪಾಯವಾಗಿ ಮಾಡಿಕೊಂಡಿದ್ದ ಆಂಗ್ಲೇಯನೊಬ್ಬನ ವೃತ್ತಾಂತವನ್ನು ತಮ್ಮ ಸನ್ನಿಧಿಯಲ್ಲಿ ಅರಿಕೆ ಮಾಡಿಕೊಳ್ಳಲು ಅಪ್ಪಣೆಯಾಗಬೇಕು. ಅದು ನಡೆದದ್ದು ಅಮೆರಿಕದ ಟೆಕ್ಸಾಸ್ ಪ್ರಾಂತದಲ್ಲಿ. ಅದರ ಗತಿಯನ್ನು ತಿರುಗಿಸಿದ್ದು ನಮ್ಮ ಕನ್ನಡದ ಒಂದು ಪದ. ಫುಟ್‌ಬಾಲಿನ ನಿಯಮಗಳನ್ನು ಅರಿಯದವರು ಅಂಜಬೇಕಾಗಿಲ್ಲ. ಚೆಂಡು ಬಲೆಯೊಳಗೆ ಹೋದರೆ ಅನ್ನ, ಹೋಗದಿದ್ದರೆ ಇಲ್ಲ. ಇಷ್ಟು ತಿಳಿದಿದ್ದರೆ ಸಾಕು.

ಎರಡು ಸಾವಿರದ ಒಂದನೆಯ ಇಸವಿಯ ಫೆಬ್ರವರಿಯಲ್ಲಿ, ಆಸ್ಟಿನ್ ನಗರದ ಉತ್ತರ ಭಾಗದ ಒಂದು ಬಾಡಿಗೆ ಅಪಾರ್ಟ್‌ಮೆಂಟಿನಲ್ಲಿ, ಮೈಸೂರಿನ ಮಧುರಾ ಎಂಬಾಕೆ ಗಂಡನ ಬಲಮೊಣಕಾಲಿನ ಮೇಲೆ ಐಸ್ ಪೊಟ್ಟಣವಿಟ್ಟು ಬಟ್ಟೆ ಸುತ್ತುತ್ತಾ ಕುಳಿತಿದ್ದಳು. ಗಂಡನ ಹೆಸರು ಕೀತ್ ಆರ್ಮಿಟೇಜ್; ಯಾರ್ಕ್‌ಶೈರಿನ ಕಲ್ಲಿದ್ದಲು ಊರಿನವನು; ವಯಸ್ಸು ಮೂವತ್ನಾಲ್ಕು. ಹತ್ತೊಂಬತ್ತರ ಪ್ರಾಯದಲ್ಲಿ, ಮಂಜು ಹೆಪ್ಪುಗಟ್ಟಿದ ಮೈದಾನದಲ್ಲಿ, ಒಂದು ಕಪ್ ಪಂದ್ಯದಲ್ಲಿ ಇವನು ದೊಡ್ಡ ತಂಡವೊಂದರ ವಿರುದ್ಧ ಎರಡು ಗೋಲು ಹೊಡೆದಿದ್ದ. ಮರುದಿನ ಪತ್ರಿಕೆಗಳ ತುಂಬ ಇವನದೇ ಚಿತ್ರ. ಮೇಲಿನ ಡಿವಿಷನ್ನಿನ ಕ್ಲಬ್ಬೊಂದು ಓಡೋಡಿ ಬಂದು ಕೊಂಡುಕೊಂಡಿತು. ಅಲ್ಲಿ ಎರಡನೆಯ ಸೀಸನ್ನಿನಲ್ಲೇ ಮೊಣಕಾಲಿನೊಳಗೆ ಏನೋ ಹರಿಯಿತು. ಅಂದಿನಿಂದ ಅವನು ಇಳಿದದ್ದೇ ಇಳಿದದ್ದು. ಎರವಲು ತಂದ ಪುಸ್ತಕದ ಹಾಗೆ ಊರಿಂದೂರಿಗೆ ಕೈ ಬದಲಾಯಿಸುತ್ತಾ, ಪ್ರತಿ ಊರಿನಲ್ಲೂ ಅಷ್ಟಿಷ್ಟು ಗೋಲು ಹೊಡೆದು, ಪ್ರತಿ ಬೇಸಿಗೆಯಲ್ಲೂ ವೈದ್ಯರ ಚಾಕುವಿನ ಕೆಳಗೆ ಮಲಗಿ ಎದ್ದ. ಅಂಥ ಒಂದು ಬೇಸಿಗೆಯಲ್ಲಿ, ಲೀಡ್ಸ್ ನಗರದ ಆಸ್ಪತ್ರೆಯಲ್ಲಿ ಫಿಸಿಯೋಥೆರಪಿ ಕಲಿಯುತ್ತಿದ್ದ ಮಧುರೆಯ ಕೈಗೆ ಆ ಮೊಣಕಾಲು ಸಿಕ್ಕಿತು. ಮೊಣಕಾಲಿನ ಹಿಂದೆಯೇ ಅವನೂ ಸಿಕ್ಕಿದ.

ಇಂಗ್ಲೆಂಡಿನಲ್ಲಿ ಕೇಳುವವರಿಲ್ಲದಾದ ಮೇಲೆ ಟೆಕ್ಸಾಸಿಗೆ ಬಂದರು. ಡಲ್ಲಾಸಿನ ತಂಡ ಒಂದು ಸೀಸನ್ ಆಡಿಸಿ ಕೈಬಿಟ್ಟಿತು. ಆಸ್ಟಿನ್ನಿನ ತಂಡ ಇವನನ್ನು ಕೈಬಿಡುವ ಮೊದಲು ತಾನೇ ಮುಚ್ಚಿಹೋಯಿತು. ಅವನದು ಆಟಗಾರನ ವೀಸಾ. ತಂಡವಿಲ್ಲದವನಿಗೆ ಆ ವೀಸಾ ಇಲ್ಲ. ಅವಳದು ಅವನ ಬೆನ್ನಿಗೆ ಕಟ್ಟಿದ ವೀಸಾ. ಕೈಯಲ್ಲಿ ವಿದ್ಯೆಯಿದ್ದರೂ ಅವಳು ಇಲ್ಲಿ ದುಡಿಯುವಂತಿರಲಿಲ್ಲ. ಮಾರ್ಚ್ ಕಳೆಯುವುದರೊಳಗೆ ಯಾವುದಾದರೂ ತಂಡ ಇವನನ್ನು ಸೇರಿಸಿಕೊಳ್ಳಬೇಕು. ಇಲ್ಲವಾದರೆ ಗಂಟುಮೂಟೆ ಕಟ್ಟಿ, ಯಾರಿಗೂ ಬೇಡವಾದ ಊರಿಗೆ ಮರಳಬೇಕು.

ಉಳಿದದ್ದು ಹ್ಯೂಸ್ಟನ್ ಒಂದೇ. ಅಲ್ಲಿ ಗೋಕಾಕಿನ ಅಣ್ಣಾಸಾಹೇಬರು ನಾಲ್ಕಾರು ಮೋಟೆಲುಗಳ ಒಡೆಯರು. ಪಾಲುದಾರರೊಂದಿಗೆ ಸೇರಿ ಹೊಸದೊಂದು ಫುಟ್‌ಬಾಲ್ ತಂಡ ಕಟ್ಟಿದ್ದರು. ಬೆಳಗಾವಿಯ ಕಾಲೇಜಿನಲ್ಲಿ ತಾವೂ ಬರಿಗಾಲಿನಲ್ಲಿ ಆಡಿದವರು. ಸಂಕ್ರಾಂತಿಗೆ ಅಲ್ಲಿನ ಹಿಲ್‌ಕ್ರಾಫ್ಟ್ ಬೀದಿಯ ಹೋಟೆಲೊಂದರಲ್ಲಿ ಕನ್ನಡದವರೆಲ್ಲ ಸೇರಿದ್ದಾಗ ಅವರು ಕೀತನ ಕೈಯನ್ನು ಬಿಡದೆ ಕುಲುಕಿ, ಮಧುರೆಗೆ ಹೇಳಿದ್ದರು: "ನಿನ್ನ ಗಂಡ ತಲೀಲೆ ಗೋಲ್ ಹೊಡದದ್ದು ನೋಡೇನಿ ನಾ. ಭಾಳ ಚಲೋ ತಲಿ ತಂಗಿ. ಒಳಗ ಏನೈತೋ ಗೊತ್ತಿಲ್ಲ, ಹೊರಗಿಂದ ಮಾತ್ರ ಭಾಳ ಚಲೋ ಐತಿ. ಮುಂದಿನ ತಿಂಗಳ ಫೋನ್ ಮಾಡ್ತೀನಿ."

ಆ ಫೋನಿಗಾಗಿ ಇಬ್ಬರೂ ಉಸಿರು ಬಿಗಿಹಿಡಿದಿದ್ದರು. ಅವನು ಇಂಗ್ಲಿಷಿನಲ್ಲಿ ಹೆಂಡತಿಗೆ ಪಾಠ ಹೇಳಿಕೊಟ್ಟಿದ್ದ.

"ನಾನು ಮನೇಲಿಲ್ಲ ಅನ್ನು. ಖಾಲಿ ಕೂತಿರೋ ಸ್ಟ್ರೈಕರನ್ನ ಯಾರೂ ಮೂಸೋದಿಲ್ಲ. ಬಿಡುವೇ ಇಲ್ಲ ಅನ್ನು. ನಾಲ್ಕು ತಂಡದವರು ಹಿಂದೆ ಬಿದ್ದಿದ್ದಾರೆ ಅನ್ನು."

"ನಾಲ್ಕು ಯಾವುದು ಅಂತ ಕೇಳಿದ್ರೆ?"

"ಹಾಗಾದ್ರೆ ಒಂದು ಅನ್ನು. ಆದ್ರೆ ನಾಲ್ಕು ಅನ್ನೋ ಧ್ವನೀಲಿ ಹೇಳು."

ಅದೇ ಹೊತ್ತಿಗೆ, ಐಸ್ ಕಟ್ಟಿದ ಬಟ್ಟೆಗೆ ಗಂಟು ಹಾಕುತ್ತಿರುವಾಗಲೇ, ಫೋನು ಬಡಿದುಕೊಂಡಿತು.

"ಯಾರು, ಮಧುರಾ ತಂಗಿ ಏನು? ನಾ ಅಣ್ಣಾಸಾಹೇಬ ಮಾತಾಡಾಕತ್ತೀನಿ."

"ಹೇಳಿ ಅಂಕಲ್."

"ಮತ್ತ, ನಿಮ್ಮ ಯಜಮಾನ್ರು? ಆರಾಮ ಅದಾರೇನು?"

ಮೈಸೂರಿನ ಅಗ್ರಹಾರದ ಬೀದಿಯಲ್ಲಿ ಬೆಳೆದ ಮಧುರೆಯ ಕಿವಿಗೆ ಆರಾಮವೆಂದರೆ ಕಾಲು ಚಾಚಿ ಕುಳಿತುಕೊಳ್ಳುವುದು, ಕೈಯಲ್ಲಿ ಕೆಲಸವಿಲ್ಲದ ಬಿಡುವು. ಗಂಡ ಹೆದರಿಸಿದ್ದ ಪ್ರಶ್ನೆ ಇದೇ ಎಂದುಕೊಂಡಳು. ಎದುರಿಗೆ ಕೀತ್ ಹುಬ್ಬೇರಿಸಿ ಕುಳಿತಿದ್ದ.

"ಎಲ್ಲಿ ಆರಾಮ ಅಂಕಲ್. ಎರಡು ತಿಂಗಳಿಂದ ಅವರಿಗೆ ಒಂದು ದಿನಾನೂ ಆರಾಮಿಲ್ಲ."

"ಎರಡ ತಿಂಗಳಿಂದ? ಸಂಕ್ರಾಂತಿಗೆ ಸಿಕ್ಕಾಗೂ ನಮಗ ಯಾರೂ ಹೇಳಲೇ ಇಲ್ಲಲ್ಲ ತಂಗಿ."

"ಹೇಳ್ಕೊಂಡು ತಿರುಗೋ ವಿಷಯ ಅಲ್ವಲ್ಲ ಅಂಕಲ್." ಗಂಡ ಕಲಿಸಿದ್ದ ಸುಳ್ಳನ್ನು ನಾಲ್ಕರ ಧ್ವನಿಯಲ್ಲೇ ಹೇಳಿದಳು. "ಮೊನ್ನೆ ತಾನೇ ಡಲ್ಲಾಸ್‌ನೋರು ಬಂದು ನೋಡ್ಕೊಂಡು ಹೋದ್ರು."

"ನೋಡಿ ಏನಂದ್ರು?"

"ಬನ್ನಿ, ಈಗಲೇ ಸೇರಿಸ್ಕೊಂಡ್ಬಿಡ್ತೀವಿ ಅಂದ್ರು. ಇವರೇ ಯೋಚನೆ ಮಾಡ್ತಾ ಇದ್ದಾರೆ."

"ಅದರಾಗ ಯೋಚನಿ ಮಾಡೂದು ಏನೈತಿ. ಲಗೂನ ಸೇರಿಸಿಬಿಡ್ರಿ. ತಡಾ ಮಾಡಬ್ಯಾಡ್ರಿ." ಅವರ ದನಿ ತಗ್ಗಿತ್ತು. "ನೀ ಧೈರ್ಯ ಬಿಡಬ್ಯಾಡ ತಂಗಿ."

ಫೋನ್ ಕೆಳಗಿಟ್ಟ ಮಧುರಾ ಕಕ್ಕಾಬಿಕ್ಕಿಯಾಗಿ ನಿಂತಳು. ಡಲ್ಲಾಸಿಗೇ ಸೇರಿಕೊಳ್ಳಿ ಎಂದರು ಎಂದು ಗಂಡನಿಗೆ ತಿಳಿಸಿದಾಗ ಅವನು ತೊಡೆ ತಟ್ಟಿ ನಕ್ಕ.

"ಚೌಕಾಸಿ ಶುರು ಮಾಡಿದಾನೆ ಮುದುಕ. ಬೇಡ ಅನ್ನೋ ಹಾಗೆ ಮುಖ ತಿರುಗಿಸಿದ. ಇನ್ನೆರಡು ದಿನಕ್ಕೆ ಮತ್ತೆ ಮಾಡ್ತಾನೆ ನೋಡು."

ಎರಡು ದಿನ ಹೋಯಿತು; ವಾರ ಹೋಯಿತು. ಕೀತನ ನಗು ಒಣಗುತ್ತಾ ಬಂತು. ಬೆಳಿಗ್ಗೆ ಮೊಣಕಾಲಿಗೆ ಟೇಪ್ ಸುತ್ತಿಕೊಂಡು ಅಪಾರ್ಟ್‌ಮೆಂಟಿನ ಪಾರ್ಕಿಂಗ್ ಸುತ್ತ ಓಡುತ್ತಿದ್ದ; ಓಡಿ ಬಂದು, ಫೋನು ಸತ್ತಿಲ್ಲವೆಂಬುದನ್ನು ಖಚಿತಪಡಿಸಿಕೊಳ್ಳಲು ರಿಸೀವರ್ ಎತ್ತಿ ಕಿವಿಗಿಡುತ್ತಿದ್ದ. ನಾವೇ ಮಾಡೋಣವೇ ಎಂದು ಅವಳು ಕೇಳಿದರೆ, ಬೇಡುವವನಿಗೆ ಬದಲಿ ಆಟಗಾರರ ಬೆಂಚೂ ಸಿಗುವುದಿಲ್ಲ ಎನ್ನುತ್ತಿದ್ದ. ಊಟದ ತಟ್ಟೆಯ ಮುಂದೆ ಕುಳಿತವನು ತುತ್ತು ಕೈಯಲ್ಲಿ ಹಿಡಿದೇ ಗೋಡೆ ನೋಡುತ್ತಿದ್ದ.

ಆ ಶನಿವಾರ ಮಧ್ಯಾಹ್ನ ಬಾಗಿಲು ಬಡಿದ ಸದ್ದಾಯಿತು. ಹೊರಗೆ ಅಣ್ಣಾಸಾಹೇಬರು ಚಪ್ಪಲಿ ಬಿಚ್ಚುತ್ತಿದ್ದರು. ಪಕ್ಕದಲ್ಲಿ ಅವರ ಪತ್ನಿ ಗುರವ್ವ, ಒಂದು ಕೈಯಲ್ಲಿ ಕಿತ್ತಳೆಯ ಚೀಲ, ಇನ್ನೊಂದು ಕೈಯಲ್ಲಿ ಬ್ರೆಡ್ಡು, ಹಾರ್ಲಿಕ್ಸ್ ಬಾಟಲಿ ಹಿಡಿದು, ಆಸ್ಪತ್ರೆಯ ವಾರ್ಡಿಗೆ ಬಂದವರ ಹಾಗೆ ಪಿಸುದನಿಯಲ್ಲಿ ಕೇಳಿದರು:

"ಎಲ್ಲಿ ಮಲಗ್ಯಾರವ್ವಾ?"

"ಯಾರು ಆಂಟಿ?"

"ನಿಮ್ಮ ಯಜಮಾನ್ರು. ನಮಗ ಕೇಳಿದಾಗಿಂದ ಅನ್ನ ಸೇರವಲ್ದು. ನಿನ್ನಿ ಪೂಜಿಗೆ ಕುಂತಾಗೂ ಅದೇ ಚಿಂತಿ."

ಅಷ್ಟರಲ್ಲಿ ಕೀತ್ ಓಟ ಮುಗಿಸಿ, ಬೆವರು ಸುರಿಸುತ್ತಾ, ಮೆಟ್ಟಿಲೇರಿ ಬಂದ. ಗುರವ್ವ ಅವನನ್ನು ತಲೆಯಿಂದ ಕಾಲಿನವರೆಗೆ ನೋಡಿದರು, ಗಂಡನತ್ತ ತಿರುಗಿದರು. "ಏನ್ರೀ, ಇವರು ಕುದುರಿ ಹಂಗ ಓಡಿ ಬರಾಕತ್ತಾರ. ಆರಾಮ ಇಲ್ಲ ಅಂದಿದ್ರಿ?"

"ಇಕೀನ ಹೇಳ್ಯಾಳಲ್ಲ ಮತ್ತ. ಎರಡ ತಿಂಗಳಿಂದ ಆರಾಮ ಇಲ್ಲ, ಡಲ್ಲಾಸ್ ಡಾಕ್ಟರ್ ಬಂದು ನೋಡ್ಯಾರ, ಅಡ್ಮಿಟ್ ಮಾಡ್ಕೋತೀವಿ ಅಂದಾರ ಅಂತ."

"ಡಾಕ್ಟರ್ ಅಲ್ಲ ಅಂಕಲ್, ಡಲ್ಲಾಸ್ ಟೀಮ್‌ನೋರು," ಎಂದು ಶುರು ಮಾಡಿದ ಮಧುರೆಯ ಮಾತು ಅಲ್ಲಿಗೇ ನಿಂತಿತು. "ಆರಾಮಿಲ್ಲ ಅಂದ್ರೆ ಬಿಡುವಿಲ್ಲ ಅಂತ."

"ಅದು ನಿಮ್ಮ ಮೈಸೂರಾಗ. ನಮ್ಮ ಕಡೆ ಆರಾಮ ಇಲ್ಲ ಅಂದ್ರ ಮೈಯಾಗ ಚಲೋ ಇಲ್ಲ ಅಂತವ್ವಾ," ಎಂದರು ಗುರವ್ವ.

ಮೊದಲು ನಕ್ಕವರೂ ಅವರೇ. ಅಣ್ಣಾಸಾಹೇಬರು ಸೋಫಾದ ಮೇಲೆ ಕುಸಿದು, ಕನ್ನಡಕ ತೆಗೆದು ಕಣ್ಣೊರೆಸಿಕೊಳ್ಳುವವರೆಗೆ ನಕ್ಕರು. ಏನೆಂದು ತಿಳಿಯದ ಕೀತನೂ ನಕ್ಕ. ಮನೆಗೇ ಬಂದಿದ್ದಾರೆ, ನಗುತ್ತಿದ್ದಾರೆ. ಇದಕ್ಕಿಂತ ಒಳ್ಳೆಯ ಲಕ್ಷಣ ಬೇಕೇ? ಮಧುರೆಯೊಬ್ಬಳಿಗೆ ನಗು ಬರಲಿಲ್ಲ.

"ನಿಮ್ಮ ಟೀಮಿನಲ್ಲಿ ಇವರ ಜಾಗ, ಅಂಕಲ್?"

ಅಣ್ಣಾಸಾಹೇಬರ ನಗು ನಿಂತಿತು. "ನಿಮ್ಮಾಂವ ಹಾಸಿಗಿ ಹಿಡದಾನ ಅಂತ ತಿಳದು ಗ್ವಾಟೆಮಾಲಾದ ಒಂದು ಹುಡುಗಗ ಮಾತ ಕೊಟ್ಟೇವಿ. ಸೋಮವಾರ ಸಹಿ."

"ಸೋಮವಾರ ಇನ್ನೂ ಬಂದಿಲ್ಲಲ್ಲ," ಎಂದರು ಗುರವ್ವ. "ಫೋನ್ ಮಾಡ್ರಿ ಆ ನಿಮ್ಮ ಪಾಲುದಾರಗೋಳಿಗೆ. ಏನ್ ಸುಮ್ಮ ಕುಂತೀರಿ."

"ಮಾಡ್ತೀನಿ ತಡಿ. ನನ್ನ ಮಾತು ನಡೀತೈತಿ."

ಫೋನಿನತ್ತ ಅವರು ಕೈ ಚಾಚಿದ್ದನ್ನು ಕೀತ್ ಕಂಡ. ಅವನಿಗೆ ಅಷ್ಟೇ ಸಾಕಾಯಿತು. ಚೀಲದಿಂದ ಒಂದು ಕಿತ್ತಳೆ ತೆಗೆದು ಕಾಲ ಮೇಲೆ ಬಿಟ್ಟುಕೊಂಡ. ಹಣ್ಣು ಪಾದದಿಂದ ತೊಡೆಗೆ, ತೊಡೆಯಿಂದ ತಲೆಗೆ, ತಲೆಯಿಂದ ಮತ್ತೆ ಪಾದಕ್ಕೆ ನೆಲ ಮುಟ್ಟದೆ ಕುಣಿಯಿತು. ಗುರವ್ವ ಬಾಯಿಗೆ ಸೆರಗು ಹಿಡಿದು ನೋಡಿದರು. ಅಣ್ಣಾಸಾಹೇಬರು ಮಾತ್ರ ರಿಸೀವರನ್ನು ಕೈಯಲ್ಲಿ ಹಿಡಿದು, ನಂಬರು ಒತ್ತದೆ, ಹಣ್ಣನ್ನಲ್ಲ, ಕಾಲುಗಳನ್ನು ನೋಡುತ್ತಿದ್ದರು. ಆಮೇಲೆ ರಿಸೀವರನ್ನು ಇದ್ದಲ್ಲೇ ಇಟ್ಟರು.

"ತಂಗಿ, ನಾನೂ ಬೆಳಗಾವ್ಯಾಗ ಆಡಿದಾಂವ. ಹಣ್ಣು ಒಮ್ಮಿನೂ ಬಲಗಾಲಿಗೆ ಹೋಗಲಿಲ್ಲ." ಅವರ ದನಿಯಲ್ಲಿ ಗದರಿಕೆಯಿರಲಿಲ್ಲ. "ಎಡಗಾಲಿನಾಂವ ಅಲ್ಲ ಇಂವ, ನನಗ ಗೊತ್ತೈತಿ. ನೀ ಕಾಲಿನ ವಿದ್ಯಾ ಓದಿದಾಕಿ. ಡಾಕ್ಟರ್ ಬ್ಯಾಡ, ಎಕ್ಸ್‌ರೇ ಬ್ಯಾಡ. ನಿನ್ನ ಬಾಯಿಂದ ಕೇಳಿ ಫೋನ್ ಮಾಡ್ತೀನಿ. ಈಗ ಹೇಳು, ಆರಾಮ ಅದಾನೋ ಇಲ್ಲೋ?"

ಆ ಮೊಣಕಾಲನ್ನು ಮಧುರಾ ತನ್ನ ಅಂಗೈಗಿಂತ ಚೆನ್ನಾಗಿ ಬಲ್ಲಳು. ಅದರೊಳಗೆ ಮೆತ್ತನೆಯದೇನೂ ಉಳಿದಿರಲಿಲ್ಲ. ಮೂಳೆ ಮೂಳೆಯನ್ನು ತೇಯುತ್ತಿತ್ತು. ಮಡಿಸಿದರೆ ಅವಳ ಬೆರಳಿಗೆ ಮರಳು ತಾಗಿದಂತಾಗುತ್ತಿತ್ತು. ಬೆಳಿಗ್ಗೆ ಬಾತ್‌ರೂಮಿನಲ್ಲಿ ಅವನು ಸಿಂಕ್ ಹಿಡಿದು ಎದ್ದು ನಿಲ್ಲುವಾಗ ಹೊರಗೆ ಕೇಳಿಸದಿರಲೆಂದು ನಲ್ಲಿ ಬಿಟ್ಟಿರುತ್ತಿದ್ದ. ಅವಳು ಆ ನಲ್ಲಿಯ ಸದ್ದನ್ನೇ ಕೇಳುತ್ತಾ ಮಲಗಿರುತ್ತಿದ್ದಳು. ಇನ್ನೊಂದು ಸೀಸನ್ ಆಡಿದರೆ ನಲವತ್ತು ತುಂಬುವ ಮೊದಲೇ ಕೋಲು ಹಿಡಿಯುತ್ತಾನೆ. ಹೂಂ ಎಂದರೆ ಮನೆ ಉಳಿಯುತ್ತದೆ, ವೀಸಾ ಉಳಿಯುತ್ತದೆ, ಬೆವರೊರೆಸಿಕೊಳ್ಳುತ್ತಾ ತನ್ನನ್ನೇ ನೋಡಿ ನಗುತ್ತಿರುವ ಈ ಮುಖ ಉಳಿಯುತ್ತದೆ. ಫೋನಿನಲ್ಲಿ ಅಂದು ಸುಳ್ಳೆಂದುಕೊಂಡು ಹೇಳಿದ ಮಾತು ನಿಜವಾಗಿ ಅವರ ಕಿವಿಗೆ ಬಿದ್ದಿತ್ತು. ಇಂದು ಸುಳ್ಳು ಹೇಳಬೇಕಾದರೆ ಗೊತ್ತಿದ್ದೇ ಹೇಳಬೇಕು.

"ಇಲ್ಲ ಅಂಕಲ್," ಎಂದಳು. "ನಿಮ್ಮ ಅರ್ಥದಲ್ಲೇ ಇಲ್ಲ."

ಕಿತ್ತಳೆ ಕೀತನ ಪಾದದ ಮೇಲೆ ನಿಂತುಬಿಟ್ಟಿತು. ಅವನಿಗೆ ಬರುತ್ತಿದ್ದ ಕನ್ನಡ ಸಾಕು, ಬೇಡ, ಇಲ್ಲ ಎಂಬ ಮೂರೇ ಪದ. ಬಾಗಿ ಹಣ್ಣನ್ನೆತ್ತಿ ಒರೆಸಿ, ಚೀಲದೊಳಗೆ ಮೆಲ್ಲಗೆ ಇಟ್ಟ.

ಅತಿಥಿಗಳು ಕಾಫಿಯನ್ನೂ ಕುಡಿಯಲಿಲ್ಲ. ಅಣ್ಣಾಸಾಹೇಬರು ಕೀತನ ಭುಜ ತಟ್ಟಿ ಮೆಟ್ಟಿಲಿಳಿದು ಹೋದರು. ಗುರವ್ವ ಬಾಗಿಲಲ್ಲಿ ಮಧುರೆಯ ಕೈ ಹಿಡಿದುಕೊಂಡರು. "ಹೂಂ ಅಂದಿದ್ರ ನಡೀತಿತ್ತಲ್ಲವ್ವಾ. ನಾ ಆಗಿದ್ರ ಅಂತಿದ್ದೆ."

ಬಾಗಿಲು ಮುಚ್ಚಿದ ಮೇಲೆ ಕೀತ್ ಕೇಳಿದ. "ಅವನು ಏನು ಕೇಳಿದ?"

"ನಿನ್ನ ಕಾಲು ಸರಿಯಿದೆಯಾ ಅಂತ."

ಅವನು ಕೂಗಾಡಲಿಲ್ಲ. ಕೂಗಾಡಿದ್ದರೆ ಅವಳಿಗೆ ಎಷ್ಟೋ ಸಲೀಸಾಗುತ್ತಿತ್ತು. ಸೋಫಾದ ಅಂಚಿನಲ್ಲಿ ಕುಳಿತು, ಆ ಮೊಣಕಾಲಿನ ಮೇಲೆ ಎರಡು ಕೈಯನ್ನೂ ಇಟ್ಟು ಹೇಳಿದ. "ಕಾಲು ಉಳಿಸಿದೆ ನೀನು. ಉಳಿದ ಕಾಲನ್ನ ಇಟ್ಕೊಂಡು ನಾನೇನು ಮಾಡ್ಲಿ, ಅದನ್ನೂ ಹೇಳು. ಬೇರೆ ಏನೂ ಬರೋದಿಲ್ಲ ನನಗೆ. ಒಂದು ಮೊಳೆ ಹೊಡೆಯೋಕೆ ಬರೋದಿಲ್ಲ."

ಅವನೆದ್ದು ಕೋಣೆಗೆ ಹೋಗಿ, ಮಂಚದ ಕೆಳಗಿನ ಬ್ಯಾಗನ್ನು ಎಳೆದು, ಬೂಟು, ಟೇಪಿನ ಸುರುಳಿ, ನೋವಿನ ಮಾತ್ರೆ ತುಂಬತೊಡಗಿದ. ಡಲ್ಲಾಸಿನಲ್ಲಿ, ಅವನನ್ನು ಕೈಬಿಟ್ಟ ತಂಡವಲ್ಲದೆ, ಒಳಾಂಗಣ ಫುಟ್‌ಬಾಲಿನ ಇನ್ನೊಂದು ತಂಡವಿತ್ತು. ಭಾನುವಾರ ಬೆಳಿಗ್ಗೆ ಬೂಟು ಹಿಡಿದು ಬಂದವರನ್ನೆಲ್ಲ ಆಡಿಸಿ ನೋಡುವುದಾಗಿ ಸಾರಿದ್ದರು.

"ಅಲ್ಲಿ ಸಿಮೆಂಟಿನ ಮೇಲೆ ಕಾರ್ಪೆಟ್ ಹಾಸಿರ್ತಾರೆ," ಎಂದಳು. "ಒಂದು ತಿಂಗಳು ತಡೆಯೋದಿಲ್ಲ ಆ ಕಾಲು."

"ಒಂದು ತಿಂಗಳು ಸಿಕ್ಕಿದ್ರೆ ಸಾಕು."

ಕಂಬಿ ಹಿಡಿದು, ಒಂದೊಂದೇ ಮೆಟ್ಟಿಲಿಗೆ ಓರೆಯಾಗಿ ಪಾದವಿಟ್ಟು ಅವನು ಇಳಿಯುವುದನ್ನು ಅವಳು ಮೇಲಿನಿಂದ ನೋಡಿದಳು. ಕಾರಿನಲ್ಲಿ ಕುಳಿತು ಬ್ರೇಕಿನ ಮೇಲೆ ಬಲಗಾಲು ಒತ್ತಿದಾಗ ಕಿಟಕಿಯ ಗಾಜಿನ ಹಿಂದೆ ಅವನ ಮುಖ ಮುದುಡಿತು. ಮೂರು ತಾಸಿನ ದಾರಿ ಅದು. ಈ ಕಾಲು ಊರ ಹೊರಗಿನ ಸಿಗ್ನಲ್ಲನ್ನೂ ದಾಟಿಸುವುದಿಲ್ಲ.

ಅವಳು ಒಳಗೆ ಹೋಗಿ ಸೂಟ್‌ಕೇಸ್ ತೆರೆದಳು. ಇಬ್ಬರ ಬಟ್ಟೆ, ಐಸ್ ಡಬ್ಬಿ, ಮೊಣಕಾಲಿನ ಪಟ್ಟಿಗಳನ್ನು ತುಂಬಿದಳು. ಸ್ವಲ್ಪ ಹೊತ್ತು ನಿಂತು ಇಬ್ಬರ ಪಾಸ್‌ಪೋರ್ಟುಗಳನ್ನೂ ಹಾಕಿಕೊಂಡಳು. ಆ ತಂಡವೂ ಬೇಡವೆಂದರೆ, ಡಲ್ಲಾಸಿನಲ್ಲಿ ವಿಮಾನ ನಿಲ್ದಾಣವೂ ಇತ್ತು. ಗ್ಯಾಸಿನ ಒಲೆ ಆರಿಸಿದೆಯೇ ಎಂದು ಎರಡು ಸಲ ನೋಡಿ ಬಾಗಿಲಿಗೆ ಬೀಗ ಹಾಕಿದಳು. ಕೆಳಗೆ ಕಾರು ಇನ್ನೂ ಅಲ್ಲೇ ಗುರುಗುಟ್ಟುತ್ತಿತ್ತು.

"ಆ ಕಡೆ ಸರಿ," ಎಂದಳು.

ಅವನು ಅವಳನ್ನೂ ಸೂಟ್‌ಕೇಸನ್ನೂ ನೋಡಿದ. ಪಕ್ಕದ ಸೀಟಿಗೆ ಸರಿದು, ಕೈಯಿಂದಲೇ ಬಲಗಾಲನ್ನು ಎತ್ತಿ ಇಟ್ಟುಕೊಂಡ.

"ಡಲ್ಲಾಸ್ ತಂಡದ ಮಾಲೀಕರಿಗೆ ಕನ್ನಡ ಬರುತ್ತಾ?" ಎಂದು ಕೇಳಿದ.

"ಇಲ್ಲ."

"ಹಾಗಾದ್ರೆ ನಡಿ."

ಅವಳು ಕಾರನ್ನು ಹಿಂದಕ್ಕೆ ತೆಗೆದು, ಉತ್ತರದ ಹೆದ್ದಾರಿಯ ಕಡೆಗೆ ತಿರುಗಿಸಿದಳು.